ಬಿಸಿ ಆರುವ ಮುನ್ನ

"ಇದನ್ನ ಒಗೀರಿ ಅಂತ ನಿಮಗೆ ಯಾರು ಹೇಳಿದ್ರು?"

ಲಾಂಡ್ರಿಯೊಳಗೆ ಇಸ್ತ್ರಿಯ ಹಬೆ ತುಂಬಿಕೊಂಡಿತ್ತು. ಹಬೆಯ ಆಚೆ ನಿಂತವನ ಮುಖ ಅವಳಿಗೆ ಸರಿಯಾಗಿ ಕಾಣುತ್ತಲೂ ಇರಲಿಲ್ಲ. ಕಂಡದ್ದು ಅವನ ಅಂಗಿ ಮಾತ್ರ. ಊರವರ ಬಟ್ಟೆಯನ್ನೆಲ್ಲ ಗರಿಗರಿಯಾಗಿ ಮಡಚಿಡುವವನ ಮೈಮೇಲೆ ಮುದುಡಿದ, ಸುಕ್ಕುಗಟ್ಟಿದ ಅಂಗಿ!

"ಬ್ಯಾಗಲ್ಲಿತ್ತು ಮೇಡಂ... ಬ್ಯಾಗಲ್ಲಿ ಬಂದಿದ್ದನ್ನೆಲ್ಲ ಒಗೀತೀವಿ. ಮೂಲೇಲಿ ಒಂದು ಹಳೇ ಟೀ ಕಲೆ ಇತ್ತು ನೋಡಿ, ಅದನ್ನೂ ತೆಗೆದಿದ್ದೀನಿ. ಭಾರಿ ಹಟಮಾರಿ ಕಲೆ ಅದು."

ಅವನ ದನಿಯಲ್ಲಿ ಸಣ್ಣ ಹೆಮ್ಮೆ ಇತ್ತು. ಆ ಹೆಮ್ಮೆ ಅವಳನ್ನು ಇನ್ನಷ್ಟು ಕೆರಳಿಸಿತು.

"ಇದು ನಮ್ಮಮ್ಮನ ಶಾಲು! ಅಮ್ಮ ತೀರಿಕೊಂಡ ಮೇಲೆ ಒಂದು ಸಲಾನೂ ನೀರಿಗೆ ಹಾಕಿರಲಿಲ್ಲ. ಅಪ್ಪ ಇದನ್ನ ಮುಖಕ್ಕೆ ಒತ್ತಿಕೊಂಡ್ರೆ ಮಾತ್ರ ಅವರಿಗೆ ನಿದ್ದೆ ಬರೋದು. ಅಮ್ಮನ ವಾಸನೆ ಇತ್ತು ಇದರಲ್ಲಿ... ಈಗ ಏನಿದೆ? ನಿಮ್ಮ ಸೋಪು!"

ಅವನು ಶಾಲನ್ನೊಮ್ಮೆ ನೋಡಿದ.

"ಅಷ್ಟೂ ಗೊತ್ತಾಗಲಿಲ್ವಾ? ಮೂಗಿಲ್ವಾ ನಿಮಗೆ?"

"ಇಲ್ಲ ಮೇಡಂ," ಎಂದ ಅವನು, ತಲೆ ತಗ್ಗಿಸಿ.

ಎಂಥ ಕೊಬ್ಬು! ಅವಳು ಶಾಲನ್ನು ಕಸಿದುಕೊಂಡು ಹೊರಬಿದ್ದಳು.

ದಾರಿಯುದ್ದಕ್ಕೂ ಅಳು. ತಪ್ಪು ಅವನದಲ್ಲ ಎಂದು ಅವಳಿಗೂ ಗೊತ್ತಿತ್ತು. ಆಸ್ಪತ್ರೆಯಿಂದ ತಂದ ಬಟ್ಟೆಯನ್ನೆಲ್ಲ ಸುಸ್ತಿನಲ್ಲಿ ನೋಡದೆ ಬಾಚಿ ಬ್ಯಾಗಿಗೆ ತುರುಕಿದವಳು ಅವಳೇ. ಆದರೆ ತನ್ನ ಮೇಲೆ ತಾನೇ ಕೂಗಾಡುವುದು ಹೇಗೆ? ಕೂಗಾಡಲು ಎದುರಿಗೆ ಒಬ್ಬರು ಬೇಕಲ್ಲ!

ಡಾಕ್ಟರು ಅಪ್ಪನ ವಿಷಯವನ್ನು ಮಾತು ತೇಲಿಸದೆ ಹೇಳಿದ್ದರು. "ಇಲ್ಲಿ ಮಾಡೋದು ಇನ್ನೇನೂ ಉಳಿದಿಲ್ಲಮ್ಮ. ಮನೆಗೆ ಕರ್ಕೊಂಡು ಹೋಗಿ. ಒಂದು ತಿಂಗಳು ಇರಬಹುದು. ಆರಾಮಾಗಿ ಇರೋ ಹಾಗೆ ನೋಡ್ಕೊಳ್ಳಿ."

ಅವಳು ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುವವಳು. ಬಂದವರ ಕಿವಿಗೆ, ಮೂಗಿಗೆ ಸರಿಹೊಂದುವಂತೆ ಫ್ರೇಮು ಬಗ್ಗಿಸಿ ಕೊಡುವುದು ಅವಳ ದಿನದ ಕೆಲಸ. ಒಂದು ತಿಂಗಳು ರಜೆ ಹಾಕಿ ಮನೆಗೆ ಬಂದಿದ್ದಳು. ಇನ್ನು ಅಪ್ಪನನ್ನು ಉಳಿಸಿಕೊಳ್ಳಲಾಗದು, ಸರಿ. ಆದರೆ ಈ ತಿಂಗಳಾದರೂ ಅವರು ನೆಮ್ಮದಿಯಾಗಿ ಕಣ್ಣು ಮುಚ್ಚಿ ನಿದ್ದೆ ಮಾಡಬೇಕು! ಅವಳಿಗೆ ಬೇಕಾಗಿದ್ದದ್ದು ಅಷ್ಟೇ. ಅದಕ್ಕಿದ್ದ ಒಂದೇ ಒಂದು ಆಸರೆಯನ್ನು ಅವಳೇ ಕಳೆದಿದ್ದಳು.

ಕಿಟಕಿ ಪಕ್ಕದ ಮಂಚದಲ್ಲಿ ಅಪ್ಪ ಒರಗಿ ಕುಳಿತಿದ್ದರು. ಶಾಲು ಬಿಡಿಸಿ ನೋಡಿದವರೇ ಹುಬ್ಬೇರಿಸಿದರು.

"ಲೇ ಸಿಡುಕಿ! ಆ ಕಲೆ ಎಲ್ಲೇ?"

ಸಿಡುಕಿ ಎಂದರೆ ಅವಳೇ. ಅಪ್ಪ ಅವಳಿಗೆ ಚಿಕ್ಕಂದಿನಲ್ಲೇ ಇಟ್ಟ ಹೆಸರು.

"ಹೋಯ್ತಪ್ಪ... ಒಗೆದುಬಿಟ್ಟಿದ್ದಾರೆ."

"ಮದುವೆಯಾದ ಹೊಸದರಲ್ಲಿ ನಾನೇ ಚೆಲ್ಲಿದ್ದ ಟೀ ಅದು. ಜಗಳಕ್ಕೆ ಬೇರೇನೂ ಸಿಗದಿದ್ದಾಗ ನಿಮ್ಮಮ್ಮ ಈ ಕಲೆ ತೋರಿಸೋಳು. ಎಷ್ಟು ತಿಕ್ಕಿದ್ರೂ ಅವಳ ಕೈಲಿ ಹೋಗಲಿಲ್ಲ. ಇದನ್ನ ತೆಗೆದ ಭೂಪ ಯಾರೇ?"

ಅಪ್ಪ ನಗುತ್ತಲೇ ಶಾಲನ್ನು ಮೂಗಿನ ಬಳಿ ತಂದರು. ನಗು ನಿಂತಿತು. ಇನ್ನೊಂದು ಮೂಲೆಯನ್ನು ಮೂಸಿದರು... ಮತ್ತೊಂದು ಮೂಲೆ. ಆಮೇಲೆ ನಿಧಾನವಾಗಿ ಮಡಚಿ, ಕಾಲ ಬುಡದಲ್ಲಿಟ್ಟರು.

"ಪರವಾಗಿಲ್ಲ ಬಿಡು," ಎಂದರು.

ಬೈದಿದ್ದರೆ ಅವಳು ತಡೆದುಕೊಳ್ಳುತ್ತಿದ್ದಳೇನೋ! ಆ ರಾತ್ರಿ ಅಪ್ಪ ನಿದ್ದೆ ಮಾಡಲಿಲ್ಲ. ಮರುರಾತ್ರಿಯೂ ಇಲ್ಲ.

ಮೂರನೆಯ ದಿನ ಮಧ್ಯಾಹ್ನ ಬಾಗಿಲು ತಟ್ಟಿದ ಸದ್ದಾಯಿತು. ತೆರೆದರೆ ಅದೇ ಸುಕ್ಕು ಅಂಗಿ. ಎದೆಗೆ ಒತ್ತಿ ಹಿಡಿದ ಬಟ್ಟೆಯ ಗಂಟು.

"ಬೈಬೇಡಿ ಮೇಡಂ. ನಿಮ್ಮ ಬೆಡ್‌ಶೀಟು ಉಳಿದಿತ್ತು. ಹಾಗೇ ಯಜಮಾನರ ಹತ್ರ ತಪ್ಪಾಯ್ತು ಅಂತ ಒಂದು ಮಾತು ಹೇಳಿ ಹೋಗೋಣ ಅಂತ..."

"ಮೂಗಿಲ್ಲ ಅಂತ ತಮಾಷೆ ಮಾಡಿದ್ರಲ್ಲ, ಇನ್ನೂ ಬಾಕಿ ಇದೆಯಾ?"

"ತಮಾಷೆ ಅಲ್ಲ ಮೇಡಂ." ಅವನು ನೆಲ ನೋಡಿದ. "ನನಗೆ ನಿಜವಾಗ್ಲೂ ವಾಸನೆ ಗೊತ್ತಾಗಲ್ಲ. ಚಿಕ್ಕ ವಯಸ್ಸಿಂದ ಇದೇ ಕೆಲಸ... ಬ್ಲೀಚು, ಕಲೆ ತೆಗೆಯೋ ಔಷಧಿ ಎಲ್ಲ ಸೇರಿ ಮೂಗು ಸತ್ತೇ ಹೋಯ್ತು. ಗೊತ್ತಾಗ್ತಿದ್ದಿದ್ರೆ ಆ ಶಾಲನ್ನ ಬೇರೆ ಎತ್ತಿಡ್ತಿದ್ದೆ."

ಅವಳು ಬಾಗಿಲನ್ನು ಪೂರ್ತಿ ತೆರೆದಳು. ಛೇ... ಏನು ಮಾತಾಡಿಬಿಟ್ಟೆ ನಾನು!

"ಯಾರೇ ಅದು?" ಒಳಗಿನಿಂದ ಅಪ್ಪನ ದನಿ.

"ಲಾಂಡ್ರಿಯವರಪ್ಪ."

"ಕಲೆ ತೆಗೆದ ಭೂಪನಾ? ಒಳಗೆ ಕಳಿಸೇ!"

ಅವನು ಹೆದರುತ್ತಲೇ ಒಳಗೆ ಬಂದ. ಅಪ್ಪ ಅವನನ್ನು ಮೇಲಿಂದ ಕೆಳಗೆ ನೋಡಿದರು.

"ಏನಯ್ಯಾ ಇದು! ಊರಿಗೆಲ್ಲ ಇಸ್ತ್ರಿ, ನಿನಗೆ ಮಾತ್ರ ಸುಕ್ಕಾ? ನಿನ್ನ ಹೆಸರು ಏನಾದ್ರೂ ಇರ್ಲಿ, ನಾನು ಸುಕ್ಕಪ್ಪ ಅಂತಲೇ ಕರೆಯೋದು."

ಅವನು ನಕ್ಕುಬಿಟ್ಟ. ಆ ನಗು ನೋಡಿ ಅವಳ ಮುಖವೂ ಸ್ವಲ್ಪ ಸಡಿಲವಾಯಿತು.

ಇಬ್ಬರೂ ಸೇರಿ ಅಪ್ಪನನ್ನು ಮೆಲ್ಲಗೆ ಹೊರಳಿಸಿ, ಹಳೆಯ ಬೆಡ್‌ಶೀಟು ತೆಗೆದು ಅವನು ತಂದದ್ದನ್ನು ಹಾಸಿದರು. ಅಪ್ಪ ಅದರ ಮೇಲೆ ಬೆನ್ನು ಚಾಚಿದರು. ಅಂಗೈಯಿಂದ ಹಾಸಿಗೆಯನ್ನು ಸವರಿದರು.

"ಬಿಸಿ ಇದೆ..."

"ಈಗಷ್ಟೇ ಇಸ್ತ್ರಿ ಮಾಡಿದ್ದು ಯಜಮಾನ್ರೇ. ಆರೋವರೆಗೆ ಸ್ವಲ್ಪ ಪಕ್ಕಕ್ಕೆ..."

"ಬೇಡ ಬೇಡ. ಹಾಗೇ ಇರ್ಲಿ." ಅಪ್ಪನ ಕಣ್ಣು ಮುಚ್ಚಿತ್ತು. "ನಾನು ರಾತ್ರಿ ಬಸ್ಸು ಓಡಿಸ್ತಿದ್ದೆ ಕಣಯ್ಯಾ. ಬೆಳಕು ಹರಿಯೋ ಹೊತ್ತಿಗೆ ಮನೆ ಸೇರ್ತಿದ್ದೆ. ಇವಳಮ್ಮ ಆಗಷ್ಟೇ ಎದ್ದು ಒಲೆ ಹಚ್ಚಿರೋಳು. ನಾನು ಸೀದಾ ಬಂದು ಅವಳು ಮಲಗಿದ್ದ ಜಾಗದಲ್ಲೇ ಬಿದ್ದುಕೊಳ್ತಿದ್ದೆ. ಹಿಂಗೇ ಇರ್ತಿತ್ತು... ಇಷ್ಟೇ ಬಿಸಿ..."

ಮಾತು ಅಲ್ಲಿಗೇ ನಿಂತಿತು. ಅಪ್ಪ ಬಾಯಿ ತೆರೆದುಕೊಂಡು, ಮಗುವಿನ ಹಾಗೆ ನಿದ್ದೆಹೋಗಿದ್ದರು.

ಅವಳು ಅಡುಗೆಮನೆಗೆ ಓಡಿ, ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ಅತ್ತಳು. ಅವನು ಬಾಗಿಲ ಬಳಿ ನಿಂತು, ಏನು ಮಾಡಬೇಕೆಂದು ತೋಚದೆ ತನ್ನ ಅಂಗಿಯ ತುದಿಯನ್ನು ಹಿಂಡುತ್ತಿದ್ದ. ಅದಕ್ಕೆ ಇನ್ನೊಂದಿಷ್ಟು ಸುಕ್ಕು!

"ನಾಳೆ ತರಲಾ?" ಎಂದು ಪಿಸುಗುಟ್ಟಿದ.

"ಇಷ್ಟೇ ಬಿಸಿ ಇರುತ್ತಾ?"

"ಇರೋ ಹಾಗೆ ತರ್ತೀನಿ."

ಹೇಳಿದಂತೆ ತಂದ. ದಿನವೂ ತಂದ. ಬಟ್ಟೆಯ ಗಂಟನ್ನು ಹಳೆಯ ಕಂಬಳಿಯಲ್ಲಿ ಸುತ್ತಿ, ಎದೆಗಪ್ಪಿಕೊಂಡು, ಬಿಸಿ ಆರುವ ಮುನ್ನ ತಲುಪಬೇಕೆಂದು ಬೀದಿಯುದ್ದಕ್ಕೂ ಓಡಿ ಬರುತ್ತಿದ್ದ. ಮೆಟ್ಟಿಲ ಮೇಲೆ ಅವನ ಧಡಧಡ ಸದ್ದು ಕೇಳಿದ ಕೂಡಲೇ ಅಪ್ಪ, "ಬಂದ ನೋಡು ನಮ್ಮ ಸುಕ್ಕಪ್ಪ, ಬ್ರೇಕೇ ಇಲ್ಲ ಇವನಿಗೆ!" ಎನ್ನುತ್ತಿದ್ದರು.

ಆ ತಿಂಗಳು ಅವಳನ್ನು ಹಿಂಡಿ ಹಾಕಿತು. ಔಷಧಿ, ಗಂಜಿ, ಒದ್ದೆ ಬಟ್ಟೆ, ಮತ್ತೆ ಔಷಧಿ. ಸೊಂಟ ನೇರ ನಿಲ್ಲುತ್ತಿರಲಿಲ್ಲ. ತಾನು ಊಟ ಮಾಡಿದ್ದೇನೋ ಇಲ್ಲವೋ ಎಂಬುದೂ ಮರೆತುಹೋಗುತ್ತಿತ್ತು. ಆದರೂ ಆ ಎರಡು ಕೋಣೆಗಳಲ್ಲಿ ಸಣ್ಣ ಸಣ್ಣ ಸುಖಗಳಿದ್ದವು. ಬೆಳಿಗ್ಗೆ ಅಪ್ಪನ ಪಾದಗಳನ್ನು ಬಿಸಿನೀರಿನ ಬೋಗುಣಿಯಲ್ಲಿಟ್ಟಾಗ ಅವರು "ಹಾ..." ಎಂದು ಬಿಡುವ ಉಸಿರು. ಗೊರಗೊರ ಎನ್ನುತ್ತಲೇ ಹಾಡುವ ಹಳೆಯ ರೇಡಿಯೋ. ಮಧ್ಯಾಹ್ನ ಮಂಚದ ಮೇಲೆ ಬಂದು ಕೂರುವ ಬಿಸಿಲು. ಅಪ್ಪನ ತಂಗಿ, ಅವಳ ಅತ್ತೆ, ಸಂಜೆ ಬಂದು ಮಾಡಿಕೊಡುವ ಸಕ್ಕರೆ ಸುರಿದ ಟೀ.

ಇನ್ನೊಂದು ಸುಖವನ್ನು ಅವಳು ಯಾರಿಗೂ ಹೇಳಿರಲಿಲ್ಲ. ಅವನು ತಂದ ಗಂಟು ಬಿಚ್ಚಿದರೆ ನಟ್ಟನಡುವೆ ಅವಳ ದಿಂಬಿನ ಕವರ್ ಇರುತ್ತಿತ್ತು. ಎಲ್ಲಕ್ಕಿಂತ ಬಿಸಿ ಅದು. ಅಡುಗೆಮನೆಯ ನೆಲದ ಮೇಲೆ ಕೂತು, ಅದನ್ನು ಮುಖಕ್ಕೆ ಒತ್ತಿಕೊಂಡು ಅದರ ಬಿಸಿ ಆರುವವರೆಗೆ ಕಣ್ಣು ಮುಚ್ಚಿಕೊಳ್ಳುತ್ತಿದ್ದಳು. ಇಡೀ ದಿನದಲ್ಲಿ ಅವಳದೇ ಎಂದಿದ್ದ ಹೊತ್ತು ಅಷ್ಟೇ.

ಒಂದು ದಿನ ಅವನು ಕಿತ್ತಳೆ ಸುಲಿಯುತ್ತಿದ್ದ. ಬೆರಳ ತುಂಬ ಇಸ್ತ್ರಿ ಸುಟ್ಟ ಗುರುತುಗಳು.

"ಪಾಪ ಕಣೇ, ಸುಕ್ಕಪ್ಪನಿಗೆ ಇದರ ವಾಸನೆ ಗೊತ್ತಾಗಲ್ಲ," ಎಂದರು ಅಪ್ಪ. "ಹೇಗಿದೆ ಅಂತ ನೀನಾದ್ರೂ ಹೇಳು."

"ವಾಸನೇನ ಹೇಗಪ್ಪ ಹೇಳೋದು?"

"ಪ್ರಯತ್ನ ಮಾಡೇ ಸಿಡುಕಿ!"

ಅವಳು ಯೋಚಿಸಿದಳು. "ಸೆಖೆಯಲ್ಲಿ ಮಲಗಿರುವಾಗ ಯಾರೋ ಬಂದು ಕಿಟಕಿ ತೆಗೆದ ಹಾಗೆ..."

ಅವನು ಕಿತ್ತಳೆಯನ್ನು ಕೈಯಲ್ಲೇ ಹಿಡಿದು ಅವಳನ್ನು ನೋಡಿದ. "ಹಾಗಾ? ಗೊತ್ತಾಯ್ತು," ಎಂದ. ನಿಜಕ್ಕೂ ಗೊತ್ತಾದವನ ಹಾಗಿತ್ತು ಅವನ ಮುಖ.

ಅಂದಿನಿಂದ ಅದೊಂದು ಆಟ. ದಿನಕ್ಕೊಂದು ವಾಸನೆ. ಹಳೆಯ ಪೌಡರ್ ಡಬ್ಬಿ, ಹೊಸ ಕನ್ನಡಕದ ಪೆಟ್ಟಿಗೆ, ಆಗಷ್ಟೇ ಆರಿಸಿದ ಬೆಂಕಿಕಡ್ಡಿ. ಅವಳು ತಡವರಿಸಿ ಹೇಳುವಳು, ಅವನು ಕಣ್ಣು ಮುಚ್ಚಿ ಕೇಳುವನು, ಅಪ್ಪ ಅಂಕ ಕೊಡುವರು.

ಹೊರಡುವಾಗ ಬಾಗಿಲಲ್ಲಿ ಅವನು ತಪ್ಪದೆ ಕೇಳುತ್ತಿದ್ದ: "ನೀವು ಊಟ ಮಾಡಿದ್ರಾ?"

ಎಲ್ಲರೂ ಅಪ್ಪನನ್ನು ವಿಚಾರಿಸುತ್ತಿದ್ದರು. ಅವಳನ್ನು ಕೇಳಿದವನು ಇವನೊಬ್ಬನೇ.

ತಿಂಗಳ ಕೊನೆಗೆ ಅಪ್ಪ ಕಿತ್ತಳೆ ತಿನ್ನುವುದನ್ನು ಬಿಟ್ಟರು. ಆಟಕ್ಕೆ ಅಂಕ ಕೊಡುವುದನ್ನೂ ಬಿಟ್ಟರು. ಒಂದು ಮಧ್ಯಾಹ್ನ ಒಂದು ಗುಟುಕು ಹಣ್ಣಿನ ರಸ ಸ್ವೆಟರಿನ ಮೇಲೆ ಚೆಲ್ಲಿತು. ಬಸ್ಸಿನ ಕಾಲದಿಂದಲೂ ಅಪ್ಪ ಬಿಡದೆ ಹಾಕುತ್ತಿದ್ದ ಸ್ವೆಟರು. ಅವಳು ಅದನ್ನು ಬಿಚ್ಚಿ, ಬೇರೆ ಅಂಗಿ ತೊಡಿಸಿ, ಸ್ವೆಟರನ್ನು ಬ್ಯಾಗಿಗೆ ಹಾಕಿ ಬಾಗಿಲ ಹೊರಗಿಟ್ಟಳು.

ಬೇಗ ಬಂದಿದ್ದ ಅತ್ತೆ ಅವಳನ್ನೇ ನೋಡುತ್ತಿದ್ದರು.

"ಏನೇ, ಆಗಿಂದ ನಾಲ್ಕು ಸಲ ಕಿಟಕಿಗೆ ಹೋಗಿ ಬಂದೆ? ಆ ಹುಡುಗ ಬರೋದು ಬಟ್ಟೆಗೋ, ನಿನಗೋ?"

ಅತ್ತೆ ತಮಾಷೆಗೆ ಕೇಳಿದ್ದರು. ಆದರೆ ಅವಳು ಕಿಟಕಿಗೆ ಬೆನ್ನು ತಿರುಗಿಸಿದಳು. ಹೌದಲ್ಲ... ಪಕ್ಕದ ಕೋಣೆಯಲ್ಲಿ ಅಪ್ಪ ಉಸಿರಿಗೆ ಒದ್ದಾಡುತ್ತಿದ್ದಾರೆ. ನಾನಿಲ್ಲಿ ಮೆಟ್ಟಿಲ ಸದ್ದಿಗೆ ಕಿವಿಗೊಟ್ಟು ಕೂತಿದ್ದೇನೆ! ಎಂಥ ಮಗಳು ನಾನು?

ನಾಚಿಕೆ ಸಿಟ್ಟಾಗಿ ಹೊರಬಂತು.

"ಸುಮ್ನಿರಿ ಅತ್ತೆ! ಅಪ್ಪ ಇರೋ ತನಕ ಬಟ್ಟೆ ಇರುತ್ತೆ, ಬರ್ತಾರೆ. ಆಮೇಲೆ ಅವರ್ಯಾರೋ, ನಾನ್ಯಾರೋ!"

ಬಾಗಿಲು ಅರೆ ತೆರೆದಿತ್ತು. ಅಂದು ಅವನು ಮೆಟ್ಟಿಲನ್ನು ಸದ್ದಿಲ್ಲದೆ ಹತ್ತಿದ್ದ. ಅಪ್ಪನ ನಿದ್ದೆ ಕೆಡದಿರಲಿ ಎಂದು. ಅವಳ ಮಾತು ಅವನಿಗೆ ಪೂರ್ತಿ ಕೇಳಿಸಿತು. ಕಂಬಳಿಯ ಗಂಟನ್ನು ಹೊಸ್ತಿಲ ಮೇಲಿಟ್ಟ. ಪಕ್ಕದಲ್ಲಿದ್ದ ಬ್ಯಾಗನ್ನು ಎತ್ತಿಕೊಂಡ. ಬಂದ ಹಾಗೆಯೇ ಇಳಿದುಹೋದ.

ಎಷ್ಟೋ ಹೊತ್ತಿನ ಮೇಲೆ ಅವಳು ಬಾಗಿಲು ತೆರೆದಳು. ಗಂಟು ಮುಟ್ಟಿದಳು. ತಣ್ಣಗಾಗಿತ್ತು.

ಮರುದಿನ ಬೆಳಿಗ್ಗೆ, ರೇಡಿಯೋ ಹಾಡುತ್ತಿರುವಾಗಲೇ ಅಪ್ಪ ಹೋದರು. ಅವಳ ಕೈ ಅವರ ಕೈಯೊಳಗೇ ಇತ್ತು. ನೋವಿನಲ್ಲಿ ಹೋಗಲಿಲ್ಲ, ನಿದ್ದೆಯಲ್ಲೇ ಹೋದರು. ಅವಳು ಬೇಡಿಕೊಂಡಿದ್ದೂ ಅದನ್ನೇ. ಆದರೂ... ಆದರೂ!

ಮನೆ ತುಂಬ ಜನ ಬಂದರು, ಅತ್ತರು, ಹೋದರು. ಅವನು ಮಾತ್ರ ಬರಲಿಲ್ಲ.

ಬಟ್ಟೆ ಮುಗಿಯಿತು, ಬರುವುದೂ ಮುಗಿಯಿತು ಎಂದುಕೊಂಡಳು ಅವಳು. ತಾನೇ ಆಡಿದ ಮಾತು ತಿರುಗಿ ಬಂದು ಚುಚ್ಚಿತು. ಆ ಮಾತು ಆಡುವಾಗಲೇ ಅವನು ಬಾಗಿಲಲ್ಲಿದ್ದನೇ? ಕೇಳಿಸಿಕೊಂಡನೇ? ಕೇಳಿಸಿಕೊಂಡಿದ್ದರೂ ಇಂಥ ಹೊತ್ತಿನಲ್ಲಿ ಒಂದು ಸಲ ಬಂದು ಹೋಗಬಾರದಿತ್ತೇ?

ಅತ್ತೆ ಒಂದು ವಾರ ಅವಳ ಜೊತೆಗಿದ್ದರು. ನೋಡಿದಾಗಲೆಲ್ಲ ಹುಡುಗಿ ಅಳುತ್ತಾಳೆಂದು ಅಪ್ಪನ ಬಟ್ಟೆಯನ್ನೆಲ್ಲ ಕಟ್ಟಿ ಬೇಕಾದವರಿಗೆ ಕೊಟ್ಟುಬಿಟ್ಟರು. ಹಾಸಿಗೆ ಬಿಸಿಲಿಗೆ ಹಾಕಿದರು, ನೆಲ ಉಜ್ಜಿದರು, ಕಿಟಕಿಗಳನ್ನೆಲ್ಲ ತೆರೆದರು. ಒಳ್ಳೆಯದಾಗಲೆಂದೇ ಮಾಡಿದ್ದು.

ಅತ್ತೆ ಹೋದ ಮಧ್ಯಾಹ್ನ ಅವಳು ಅಪ್ಪನ ದಿಂಬಿಗೆ ಮುಖ ಒತ್ತಿದಳು. ಬರೀ ಬಿಸಿಲಿನ ವಾಸನೆ. ಕಪಾಟು ತೆರೆದಳು, ಖಾಲಿ. ಕುರ್ಚಿಯ ಬೆನ್ನು, ಟವೆಲ್ಲು, ಕಂಬಳಿ... ಎಲ್ಲವನ್ನೂ ಹುಚ್ಚಿಯ ಹಾಗೆ ಮೂಸಿದಳು. ಎಲ್ಲೂ ಇಲ್ಲ! ಮನೆಯಲ್ಲಿ ಎಲ್ಲೂ ಅಪ್ಪ ಇಲ್ಲ!

ಅಮ್ಮನ ಶಾಲನ್ನು ಮೂಸಿ ಅಪ್ಪ ಯಾಕೆ ಸುಮ್ಮನಾದರು ಎಂಬುದು ಅವಳಿಗೆ ಪೂರ್ತಿ ಅರ್ಥವಾದದ್ದು ಆಗಲೇ.

ಆಮೇಲೆ ನೆನಪಾಯಿತು... ಸ್ವೆಟರು!

ಚಪ್ಪಲಿ ಸಿಕ್ಕಿಸಿಕೊಂಡು ಓಡಿದಳು. ಓಡುತ್ತಲೇ ಆಸೆ ಬತ್ತುತ್ತಿತ್ತು. ಅವನು ಯಾವ ಬಟ್ಟೆಯನ್ನೂ ಮರುದಿನಕ್ಕೆ ಉಳಿಸುವವನಲ್ಲ. ಬ್ಯಾಗಲ್ಲಿ ಬಂದಿದ್ದನ್ನೆಲ್ಲ ಒಗೀತೀವಿ, ಅಂದಿದ್ದನಲ್ಲ.

ಲಾಂಡ್ರಿಯಲ್ಲಿ ಅದೇ ಹಬೆ. ಅವಳನ್ನು ಕಂಡು ಅವನ ಕೈಯಲ್ಲಿದ್ದ ಇಸ್ತ್ರಿ ಹಾಗೇ ನಿಂತಿತು.

"ಕೊನೇ ಬ್ಯಾಗಲ್ಲಿ..." ಅವಳಿಗೆ ಉಸಿರು ಸಿಗುತ್ತಿರಲಿಲ್ಲ. "ಅಪ್ಪನ ಸ್ವೆಟರ್ ಇತ್ತು..."

"ಇದೆ."

"ಒಗೆದು... ಆಯ್ತಾ?"

ಅವನು ಒಳಗೆ ಹೋದ. ತಿರುಗಿ ಬಂದಾಗ ಕೈಯಲ್ಲೊಂದು ಪ್ಲಾಸ್ಟಿಕ್ ಚೀಲವಿತ್ತು. ಬಾಯಿಯನ್ನು ದಾರದಿಂದ ಬಿಗಿಯಾಗಿ ಕಟ್ಟಿ, ಅದನ್ನು ಇನ್ನೊಂದು ಚೀಲದೊಳಗಿಟ್ಟು, ಅದಕ್ಕೂ ದಾರ ಸುತ್ತಿದ್ದ.

"ಒಗೆದಿಲ್ಲ," ಎಂದ.

ಅವಳು ಮೇಜಿನ ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡಳು.

"ಹಣ್ಣಿನ ರಸ ಚೆಲ್ಲಿದ ಕಡೆ ಮಾತ್ರ ಒದ್ದೆ ಬಟ್ಟೇಲಿ ಒತ್ತಿ ತೆಗೆದಿದ್ದೀನಿ. ಬೇರೆಲ್ಲೂ ನೀರು ಸೋಕಿಸಿಲ್ಲ. ಇಲ್ಲಿನ ಹಬೆ, ಸೋಪು ತಾಗಬಾರದು ಅಂತ ನನ್ನ ಕೋಣೇಲಿ ಇಟ್ಟಿದ್ದೆ. ಆದ್ರೆ..." ಅವನು ಚೀಲವನ್ನು ಅವಳ ಕಡೆ ಸರಿಸಿದ. "ನನಗೆ ವಾಸನೆ ಬರಲ್ಲ ನೋಡಿ. ಯಜಮಾನರು ಅದರಲ್ಲಿ ಇದ್ದಾರೋ, ಇಲ್ವೋ... ನನಗೆ ಗೊತ್ತಿಲ್ಲ. ನೀವೇ ನೋಡಿ."

ಗಂಟು ಬಿಚ್ಚಲು ಅವಳ ಬೆರಳುಗಳಿಗೆ ಆಗಲಿಲ್ಲ. ಅವನೇ ಬಿಚ್ಚಿದ. ಅವಳು ಸ್ವೆಟರನ್ನು ಎರಡೂ ಕೈಯಲ್ಲಿ ಎತ್ತಿ ಮುಖ ಹುದುಗಿಸಿದಳು.

ಅಪ್ಪ!

ಅಲ್ಲೇ ನೆಲದ ಮೇಲೆ ಕುಸಿದು ಕೂತಳು. ಒಳಗೆ ಉಳಿದಿದ್ದ ಅಳುವೆಲ್ಲ ಒಂದೇ ಸಲಕ್ಕೆ ಹೊರಬಂತು. ಅವನು ಅಂಗಡಿಯ ಬಾಗಿಲು ಮುಂದಕ್ಕೆ ಎಳೆದು, ಇಸ್ತ್ರಿ ಆರಿಸಿ, ಅವಳ ಪಕ್ಕ ಬಂದು ಕೂತ.

ಅಳು ಇಳಿದ ಮೇಲೆ ಅವಳು ಕೇಳಿದಳು. "ಯಾಕೆ ಬರಲಿಲ್ಲ?"

"ಬಂದಿದ್ದೆ. ಎದುರಿನ ರಸ್ತೇಲಿ ನಿಂತಿದ್ದೆ, ಅವರನ್ನ ಕರ್ಕೊಂಡು ಹೋಗೋವರೆಗೂ. ಮೇಲೆ ಹತ್ತೋಕೆ ಕಾಲು ಬರಲಿಲ್ಲ. ಅವರ್ಯಾರೋ, ನಾನ್ಯಾರೋ ಅಂದಿದ್ರಲ್ಲ..."

"ಅದು ನಿಮಗೆ ಹೇಳಿದ್ದಲ್ಲ," ಅವಳು ಬಿಕ್ಕಿದಳು. "ನನಗೆ ನಾನೇ ಹೇಳಿಕೊಂಡಿದ್ದು. ಅಪ್ಪ ಆ ಸ್ಥಿತೀಲಿ ಇರುವಾಗ ನಾನು ದಿನಾ ನಿಮ್ಮ ದಾರಿ ಕಾಯ್ತಿದ್ದೆ. ನನಗೆ ನನ್ನ ಮೇಲೇ ಅಸಹ್ಯ ಆಯ್ತು... ಕ್ಷಮಿಸಿ."

ಅವನು ತಲೆಯೆತ್ತಿ ನೋಡಿದ. ನಂಬಲೋ ಬೇಡವೋ ಎಂಬಂತೆ.

"ಒಂದು ಕೇಳಲಾ?" ಎಂದಳು ಅವಳು. "ನನ್ನ ದಿಂಬಿನ ಕವರ್ ಯಾವಾಗ್ಲೂ ಗಂಟಿನ ನಡುವೆ ಇರ್ತಿತ್ತು. ಯಾಕೆ?"

ಅವನ ಕಿವಿ ಕೆಂಪಾಯಿತು. "ನಡುವೆ ಇಟ್ಟಿದ್ದು ಕೊನೇವರೆಗೂ ಬಿಸಿ ಇರುತ್ತೆ. ಯಜಮಾನರಿಗೆ ಬಿಸಿ ಕೊಡೋಕೆ ನೀವಿದ್ರಿ. ನಿಮಗೆ... ನಿಮಗೆ ಯಾರೂ ಇರಲಿಲ್ಲ ಅನ್ನಿಸ್ತು. ಇಷ್ಟಪಟ್ಟಿದ್ದೆ. ಬಾಯಲ್ಲಿ ಹೇಳೋಕೆ ಅದು ಹೊತ್ತಲ್ಲ ಅಂತ ಹಾಗೆ ಮಾಡಿದೆ."

ಅವಳ ಕಣ್ಣು ಮತ್ತೆ ತುಂಬಿತು. ಸ್ವೆಟರನ್ನು ಮತ್ತೊಮ್ಮೆ ಮೂಸಿ, ಮೆಲ್ಲಗೆ ಚೀಲದೊಳಗಿಟ್ಟಳು. ದಾರವನ್ನು ಅವನೇ ಬಿಗಿದ.

"ಹೇಗಿದೆ?" ಅವನು ಸಣ್ಣ ದನಿಯಲ್ಲಿ ಕೇಳಿದ. "ಯಜಮಾನರ ವಾಸನೆ... ಹೇಳ್ತೀರಾ?"

ಅವಳು ಕಣ್ಣು ಮುಚ್ಚಿದಳು. "ಶೇವಿಂಗ್ ಸೋಪು. ಮಂಡಿಗೆ ಹಚ್ಚೋ ಮುಲಾಮು. ಸ್ವಲ್ಪ ಕಿತ್ತಳೆ..." ಅವಳು ಚೀಲದ ಮೇಲೆ ಕೈಯಿಟ್ಟಳು. "ಬೆಳಿಗ್ಗೆ ಬೆಳಿಗ್ಗೆ ಯಾರೋ ಕೆಲಸ ಮುಗಿಸಿ ಮನೆಗೆ ಬಂದ ಹಾಗೆ..."

ಅವನು ಕಣ್ಣು ಮುಚ್ಚಿಕೊಂಡೇ ಕೇಳಿದ. ರೆಪ್ಪೆಯ ಕೆಳಗಿಂದ ನೀರು ಇಳಿಯಿತು.

"ಗೊತ್ತಾಯ್ತು," ಎಂದ.

ಅವಳು ಕೈ ಚಾಚಿ ಅವನ ಅಂಗಿಯ ಕಾಲರನ್ನು ಬೆರಳಿನಿಂದ ತೀಡಿದಳು. ಸುಕ್ಕು ಹೋಗಲಿಲ್ಲ. ಅವಳು ಕೈಯನ್ನೂ ತೆಗೆಯಲಿಲ್ಲ.

"ನಾಳೆ ಮಧ್ಯಾಹ್ನ ಮನೆಗೆ ಬರ್ತೀರಾ?"

"ಏನು ತರಲಿ?"

"ಏನೂ ಬೇಡ. ಬರಿಗೈಯಲ್ಲಿ ಬನ್ನಿ."